ಕಾರಣದ ಜಾಗದಲ್ಲಿ ‘ಸುಮ್ಮನೆ’

“ಅಲ್ಲಿ ಕಾರಣ ಕೇಳಿತ್ತು. ಏನು ಬರೆಯಬೇಕೋ ತಿಳಿಯಲಿಲ್ಲ, ‘ಸುಮ್ಮನೆ’ ಎಂದು ಬರೆದೆ. ತಪ್ಪಾಯಿತೇನೋ ಮಾರಾಯಾ?”

ಮಂಗಳವಾರ ರಾತ್ರಿ ಊಟದ ಹೊತ್ತಿಗೆ ಬಂದ ಫೋನು. ಆ ಕಡೆ ಇದ್ದವರು ನಮ್ಮೂರಿನ ನಿವೃತ್ತ ಪೋಸ್ಟ್ ಮಾಸ್ತರರು, ಅಪ್ಪನ ಗೆಳೆಯರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಅರ್ಜಿ ತಪ್ಪು ತುಂಬಿದವರು ಕೌಂಟರಿನ ಮುಂದೆ ನಿಂತು ಕೇಳುವ ದನಿ ಅದು. ಆಯುಷ್ಯವಿಡೀ ಕೌಂಟರಿನ ಹಿಂದೆ ಕುಳಿತಿದ್ದ ಮನುಷ್ಯನದು.

ನಾವು ನಡೆಸುವ ಪುಟ್ಟ ಸಾಮಾಜಿಕ ಜಾಲತಾಣಕ್ಕೆ ಸೇರಲು ಅವರು ಹಾಕಿದ್ದ ಅರ್ಜಿಯನ್ನು ತಿರಸ್ಕರಿಸಿದವನು ನಾನೇ. ಭಾನುವಾರ ಬೆಳಿಗ್ಗೆ ಕಾಫಿ ಕುಡಿಯುತ್ತ, ಹನ್ನೊಂದು ಅರ್ಜಿಗಳ ನಡುವೆ, ಎರಡೇ ಸೆಕೆಂಡಿನಲ್ಲಿ. ಖಾತೆಯ ಹೆಸರು ಇಂಗ್ಲಿಷ್ ಅಕ್ಷರ, ಅಂಕಿಗಳ ಕಲಸುಮೇಲೋಗರ (ಮೊಮ್ಮಗ ಮಾಡಿಕೊಟ್ಟದ್ದಂತೆ). ಕಾರಣ ಒಂದೇ ಪದ. ಯಂತ್ರದ ಕೆಲಸ ಎಂದುಕೊಂಡೆ. ಅದೇ ಹೊತ್ತಿನಲ್ಲಿ ನಾನು ಒಪ್ಪಿಕೊಂಡ ಇನ್ನೊಂದು ಅರ್ಜಿಯಲ್ಲಿ ನಾಲ್ಕು ಸಾಲು ಚೊಕ್ಕ ಕನ್ನಡವಿತ್ತು: ಮುಕ್ತ ಸಂವಾದ, ಸಮಾನಮನಸ್ಕರು, ಸಾಹಿತ್ಯದ ಬಗ್ಗೆ ಅಪಾರ ಒಲವು. ಸೋಮವಾರ ಸಂಜೆಗೆಲ್ಲ ಆ ಅಪಾರ ಒಲವು ಕ್ರಿಪ್ಟೊ ಹೂಡಿಕೆಯ ಕೊಂಡಿಗಳನ್ನು ಹಂಚತೊಡಗಿತು.

ನಾನೂ ಜರ್ಮನಿಯಲ್ಲಿರುವ ಒಬ್ಬ ಗೆಳೆಯನೂ ಸೇರಿ ಪುಟ್ಟದೊಂದು ಮಾಸ್ಟೊಡಾನ್ ಸರ್ವರ್ ನಡೆಸುತ್ತೇವೆ. ಮಾಸ್ಟೊಡಾನ್ ಎಂದರೆ ಟ್ವಿಟರ್‌ನಂಥದೇ ಜಾಲ, ಆದರೆ ಬೇರೆ ಬೇರೆಯವರು ನಡೆಸುವ ಸರ್ವರ್‌ಗಳು ಒಂದಕ್ಕೊಂದು ಕೂಡಿ ಆದದ್ದು. ನಲವತ್ತು ಚಿಲ್ಲರೆ ಜನ. 2019ರ ನವೆಂಬರ್‌ನಲ್ಲಿ ವಕೀಲ ಸಂಜಯ್ ಹೆಗ್ಡೆಯವರ ಖಾತೆಯನ್ನು ಟ್ವಿಟರ್ ಅಮಾನತಿನಲ್ಲಿಟ್ಟಾಗ ಬಹಳಷ್ಟು ಭಾರತೀಯರು ಇತ್ತ ಹೊರಟರಲ್ಲ, ಆ ಗಾಳಿಯಲ್ಲೇ ನಾವೂ ಶುರುಮಾಡಿದ್ದು. ಒಬ್ಬ ಒಡೆಯನಿಲ್ಲದ ಜಾಲ, ಯಾರು ಬೇಕಾದರೂ ಬರಬಹುದು. ಬಾಗಿಲು ಹಾರುಹೊಡೆದಿತ್ತು, ಅದೇ ನಮ್ಮ ಜಂಬವಾಗಿತ್ತು.

ಜಂಬ ಇಳಿದದ್ದು 2024ರ ಫೆಬ್ರುವರಿಯಲ್ಲಿ. ಕಾವಲಿಲ್ಲದ ಸಣ್ಣ ಸರ್ವರ್‌ಗಳನ್ನು ಯಾರೋ ಹುಡುಕಿ, ರಾಶಿ ರಾಶಿ ಖಾತೆ ತೆರೆದು, ಸಿಕ್ಕಸಿಕ್ಕವರ ಹೆಸರು ಹಿಡಿದು ಸ್ಪ್ಯಾಮ್, ಅಂದರೆ ಯಾರಿಗೂ ಬೇಡದ ಸಂದೇಶ, ಸುರಿದರು. ಕೆಲವದರಲ್ಲಿ ಅದೇ ಹೆಸರಿನ ಮಾಂಸದ ಡಬ್ಬಿಯದೇ ಚಿತ್ರ! ಜಪಾನಿನ ಹುಡುಗರ ಯಾವುದೋ ಜಗಳ ಇದರ ಮೂಲವೆಂದು ಆಮೇಲೆ ವರದಿಯಾಯಿತು. ನಾನಾಗ ಚಿಕ್ಕಪ್ಪನ ಮಗಳ ಮದುವೆಯಲ್ಲಿ ಹೋಳಿಗೆ ಬಡಿಸುತ್ತಿದ್ದೆ. ಮರಳಿ ಬಂದು ನೋಡಿದರೆ ಎರಡು ದೊಡ್ಡ ಸರ್ವರ್‌ಗಳು ನಮ್ಮ ಸಂಪರ್ಕವನ್ನೇ ಕಡಿದಿದ್ದವು. ಈ ಜಾಲದಲ್ಲಿ ಅವಸರಕ್ಕೆ ಒದಗುವ ಬೇಲಿ ಅದೇ: ಒಬ್ಬ ಕಳ್ಳನಿಗಾಗಿ ಇಡೀ ಕೇರಿಗೆ ಬಹಿಷ್ಕಾರ. ಏನೂ ಮಾಡದ ನಲವತ್ತು ಮಂದಿಯ ಮಾತು ಅತ್ತ ಹೋಗುವುದು ನಿಂತಿತು. ಕಡಿದವರನ್ನು ಬಯ್ಯಲೂ ಬಾಯಿ ಬರಲಿಲ್ಲ; ಅವರ ಜಾಗದಲ್ಲಿದ್ದರೆ ನಾನೂ ಕಡಿಯುತ್ತಿದ್ದೆ. ಮಾಸ್ಟೊಡಾನ್ ಮಾಡುವವರೂ ಅದೇ ತಿಂಗಳು ಹೊಸ ಆವೃತ್ತಿ ತಂದು, ಮೇಲ್ವಿಚಾರಕರು ಒಂದು ವಾರಕ್ಕೂ ಹೆಚ್ಚು ತಲೆಹಾಕದ ಸರ್ವರ್‌ನಲ್ಲಿ ಮುಕ್ತ ನೋಂದಣಿ ತಾನಾಗಿ ನಿಲ್ಲುವಂತೆ ಮಾಡಿದರು. ನಮ್ಮ ಬಾಗಿಲಿಗೆ ನಾವೇ ಚಿಲಕ ಹಾಕಿದೆವು. ಪಕ್ಕದಲ್ಲೊಂದು ಪೆಟ್ಟಿಗೆ: ಏಕೆ ಸೇರಬಯಸುತ್ತೀರಿ?

ಪೆಟ್ಟಿಗೆ ಗೆಳೆಯನ ಆಸೆ. ಒಳ್ಳೆಯವನು, ಆದರೆ ಹಾಲು ಉಕ್ಕಿದರೆ ಒಲೆಯನ್ನೇ ಮಾರುವ ಪೈಕಿ. ಮಾಸ್ತರರ ಸಂಗತಿ ಹೇಳಿದರೆ, “ಒಬ್ಬರು ತಾನೇ?” ಎಂದ.

ಒಬ್ಬರು ಎಂದು ನನಗೆ ಹೇಗೆ ಗೊತ್ತು? ತಿರಸ್ಕರಿಸಿದ ಅರ್ಜಿ ಅಳಿಸಿಹೋಗುತ್ತದೆ. ಮಾಸ್ತರರ ಬಳಿ ನನ್ನ ನಂಬರ್ ಇತ್ತು, ಫೋನು ಮಾಡಿದರು. ಇಲ್ಲದವರು?

ಮಾಸ್ತರರಿಗೆ ಸ್ಪ್ಯಾಮ್ ಎಂದರೇನೆಂದು ವಿವರಿಸಿದೆ. ನಕ್ಕರು.

“ತಿಮ್ಮಪ್ಪನ ಹೆಸರಿನ ಕಾರ್ಡು ನೆನಪಿದೆಯೇ? ಇಷ್ಟು ಜನಕ್ಕೆ ಬರೆದು ಹಾಕದಿದ್ದರೆ ಮನೆ ಹಾಳು ಎಂದು. ನಮ್ಮ ಆಫೀಸಿಗೆ ಕಟ್ಟುಗಟ್ಟಲೆ ಬರುತ್ತಿತ್ತು. ಮುದ್ರೆ ಹೊಡೆದು ಹಂಚುತ್ತಿದ್ದೆ.”

“ಹರಿದು ಎಸೆಯಬಹುದಿತ್ತಲ್ಲ ಮಾಸ್ತರೇ?”

“ವಿಳಾಸ ಸರಿ ಇರುವ ಕಾಗದವನ್ನು ಎಸೆಯಲು ನಾನು ಯಾರು?”

ಈ ಮಾತು ಕೇಳಲು ಚೆಂದ. ಆದರೆ ಅವರ ಕಾಲದ ಸ್ಪ್ಯಾಮಿಗೆ ಕಾರ್ಡಿಗೆ 15 ಪೈಸೆ ಬೀಳುತ್ತಿತ್ತು, ಬರೆಯುವವನ ಕೈಯೂ ನೋಯುತ್ತಿತ್ತು. ಈಗ ಲಕ್ಷ ಸಂದೇಶ ಕಳುಹಿಸಿದರೂ ಯಾರ ಕೈಯೂ ನೋಯುವುದಿಲ್ಲ. ನೋವೆಲ್ಲ ಬಾಗಿಲು ಕಾಯುವವನಿಗೆ. ಇಮೇಲಿಗೂ ಆದದ್ದು ಇದೇ. ಒಂದು ಕಾಲಕ್ಕೆ ಯಾವ ಸರ್ವರ್ ಬೇಕಾದರೂ ಯಾರ ಪತ್ರವನ್ನು ಬೇಕಾದರೂ ಮುಂದಕ್ಕೆ ದಾಟಿಸುತ್ತಿತ್ತು. ಸ್ಪ್ಯಾಮಿನವರು ಅದನ್ನು ಹಾಳುಮಾಡಿದರು, ಬಾಗಿಲುಗಳು ಮುಚ್ಚಿದವು. ಇವತ್ತು ಮನೆಯಲ್ಲೇ ಸ್ವಂತ ಇಮೇಲ್ ಸರ್ವರ್ ಇಟ್ಟುಕೊಂಡವನ ಪತ್ರ ದೊಡ್ಡ ಕಂಪನಿಗಳ ಕಸದ ಬುಟ್ಟಿಗೆ ಬೀಳದಿದ್ದರೆ ಅದೃಷ್ಟ. ನಮ್ಮ ಜಾಲವೂ ಹಾಗೆಯೇ ನಾಲ್ಕು ದೊಡ್ಡ ಮನೆಗಳ ಪಾಲಾದರೆ, ಟ್ವಿಟರ್ ಬಿಟ್ಟು ಬಂದದ್ದಾದರೂ ಏತಕ್ಕೆ?

ಆದರೂ ನನ್ನನ್ನು ಬಿಡದೆ ಕಾಡುತ್ತಿರುವುದು ಆ ಒಂದು ಪದ. ಸಂಜೆ ಹೊತ್ತು ಮನೆಗೆ ಬಂದವರನ್ನು “ಏನು ಬಂದಿರಿ?” ಎಂದರೆ ಬರುವ ಉತ್ತರ “ಸುಮ್ಮನೆ ಬಂದೆ” ಎಂದೇ ಅಲ್ಲವೇ? ಕಾರಣ ಇಟ್ಟುಕೊಂಡು ಬರುವವರು ವಿಮೆ ಏಜೆಂಟರು, ಸಾಲ ಕೇಳುವವರು. ಸುಮ್ಮನೆ ಬಂದವರಿಗೇ ನಮ್ಮಲ್ಲಿ ಎರಡನೆಯ ಲೋಟ ಕಾಫಿ. ಅವರನ್ನೇ ಸೋಸಿ ಹೊರಗೆ ಚೆಲ್ಲುವ ಜರಡಿಯನ್ನು ನಾನು ಬಾಗಿಲಿಗೆ ಕಟ್ಟಿದ್ದೇನೆ. ಕ್ರಿಪ್ಟೊದವನಿಗೆ ಕಾರಣಗಳ ಬರವೇ?

ಬುಧವಾರ ಮಾಸ್ತರರಿಗೆ ಆಹ್ವಾನದ ಕೊಂಡಿ ಕಳುಹಿಸಿದೆ. ಅದರಲ್ಲಿ ಬಂದವರಿಗೆ ಅರ್ಜಿಯ ರಗಳೆಯಿಲ್ಲ. ಬಂದರು. ಹಿತ್ತಲಿನ ಹಲಸಿನ ಮರದ ಫೋಟೊ ಹಾಕಿದರು, ಜೊತೆಗೆ ಒಂದು ಅಕ್ಷರವೂ ಇಲ್ಲ.

ನಿನ್ನೆ ಹೊಸ ಅರ್ಜಿಯೊಂದು ಬಂದಿದೆ. ಕಾರಣದ ಜಾಗದಲ್ಲಿ ಬರೀ ಒಂದು ಚುಕ್ಕೆ. ಗೆಳೆಯ “ತೆಗೆ” ಎಂದು ಎರಡು ಬಾರಿ ಬರೆದಿದ್ದಾನೆ. ನಾನಿನ್ನೂ ಏನನ್ನೂ ಒತ್ತಿಲ್ಲ.