ಇದ್ದೋರು ಕೊಟ್ರೆ ಅದ್ರಲ್ಲೇನು ದೊಡ್ಡಸ್ತಿಕೆ?

ಟಾಟಾ ಕಂಪನಿಗಳನ್ನ ಶುರು ಮಾಡಿದ ಜಮ್‌ಶೆಟ್‌ಜಿ ಟಾಟಾ ಬಗ್ಗೆ ನಾನು ಬಾಯಿ ತೆಗೆದಾಗ್ಲೆಲ್ಲ ಯಾರಾದ್ರೂ ಒಬ್ರು ಈ ಪ್ರಶ್ನೆ ಕೇಳೇ ಕೇಳ್ತಾರೆ. ಮೊದಲು ಕೇಳಿದ್ದು ನಮ್ಮ ಚಿಕ್ಕಪ್ಪ. ಮೂವತ್ತು ವರ್ಷ ಬಟ್ಟೆ ಮಿಲ್ಲಲ್ಲಿ ದುಡಿದೋರು, ದುಡ್ಡಿರೋರ ಬಗ್ಗೆ ಯಾರೇ ಹೊಗಳಿದ್ರೂ ಅವರಿಗೆ ಆಗಲ್ಲ. "ಕೋಟಿ ಇದ್ದೋನು ಲಕ್ಷ ಕೊಟ್ರೆ ಅದೇನು ದಾನ ಕಣೋ, ನಮ್ಮಂಥೋರು ಹತ್ರುಪಾಯಿ ಕೊಡ್ತೀವಲ್ಲ ಅದು ದಾನ" ಅಂದ್ರು. ಆಮೇಲೆ ಫ್ರೆಂಡ್ಸು, ಆಫೀಸಲ್ಲಿ ಜೊತೆಗಿರೋರು, ಎಲ್ರೂ ಬೇರೆ ಬೇರೆ ಥರ ಇದನ್ನೇ ಕೇಳಿದ್ದಾರೆ, ಪ್ರತಿ ಸಲಾನೂ ಅರ್ಧಂಬರ್ಧ ಹೇಳಿ ಬಿಟ್ಟಿದ್ದೀನಿ, ಇವತ್ತು ಪೂರ್ತಿ ಹೇಳ್ತೀನಿ.

ಪ್ರಶ್ನೆ ತಪ್ಪು ಅಂತ ನಾನು ಹೇಳಲ್ಲ. ಬರೀ ಕೊಟ್ಟಿದ್ದನ್ನೇ ಲೆಕ್ಕ ಹಾಕೋದಾದ್ರೆ ಚಿಕ್ಕಪ್ಪ ಹೇಳಿದ್ದು ಸರಿ. ನಮ್ಮಲ್ಲಿ ಜಾಸ್ತಿ ಜನ ಚೆಕ್ ಬರೆದು, ಫೋಟೋ ತೆಗೆಸ್ಕೊಂಡು, ಕಲ್ಲಲ್ಲಿ ಹೆಸರು ಕೆತ್ತಿಸಿ ಅಲ್ಲಿಗೆ ಕೈ ತೊಳ್ಕೊಂಡು ಬಿಡ್ತಾರೆ. ಈ ಮನುಷ್ಯ ಕೈ ತೊಳ್ಕೊಳ್ಳಲಿಲ್ಲ. ನನ್ನ ಉತ್ತರ ಅಷ್ಟೇ, ಉಳಿದದ್ದೆಲ್ಲ ಅದರ ವಿವರ.

ಮೊದಲು ದುಡ್ಡು ಎಲ್ಲಿಂದ ಬಂತು ಅನ್ನೋದು. 1839ರ ಮಾರ್ಚ್ 3ಕ್ಕೆ ಗುಜರಾತಿನ ನವಸಾರಿಯಲ್ಲಿ ಹುಟ್ಟಿದ್ದು, ಪಾರ್ಸಿ ಪುರೋಹಿತರ ಮನೆತನ. ಅಪ್ಪ ನಸ್ಸರ್‌ವಾನ್‌ಜಿ ಪೌರೋಹಿತ್ಯ ಬಿಟ್ಟು ಬಾಂಬೆಗೆ ಹೋಗಿ ವ್ಯಾಪಾರ ಹಿಡಿದ್ರು. ಆ ವ್ಯಾಪಾರದಲ್ಲಿ ಹತ್ತಿ ಜೊತೆಗೆ ಚೀನಾಕ್ಕೆ ಹೋಗೋ ಅಫೀಮೂ ಇತ್ತು, ಅದನ್ನ ಮುಚ್ಚಿಟ್ಟು ಕಥೆ ಹೇಳೋದು ನನಗೆ ಇಷ್ಟ ಇಲ್ಲ, ಆ ಕಾಲದಲ್ಲಿ ಬ್ರಿಟಿಷರ ಕಾನೂನು ಅದಕ್ಕೆ ಒಪ್ಪಿತ್ತು ಅನ್ನೋದು ನಿಜ ಆದ್ರೂ ಅಫೀಮು ಅಫೀಮೇ. ಮಗ ಎಲ್ಫಿನ್‌ಸ್ಟನ್ ಕಾಲೇಜಲ್ಲಿ 1858ರಲ್ಲಿ ಓದು ಮುಗಿಸಿ ಅಪ್ಪನ ಜೊತೆ ಸೇರ್ಕೊಂಡ್ರು. ಅಮೆರಿಕಾದಲ್ಲಿ ಅಂತರ್ಯುದ್ಧ ನಡೀತಿದ್ದಾಗ ಅಲ್ಲಿನ ಹತ್ತಿ ಸಿಗದೇ ಇಲ್ಲಿನ ಹತ್ತಿ ರೇಟು ಆಕಾಶಕ್ಕೆ ಹೋಗಿತ್ತು, 1865ರಲ್ಲಿ ಯುದ್ಧ ಮುಗೀತಿದ್ದಂಗೆ ಬಿತ್ತು, ಬಾಂಬೆಯಲ್ಲಿ ಎಷ್ಟೋ ಮನೆತನ ಬೀದಿಗೆ ಬಂದ್ವು, ಟಾಟಾಗಳೂ ಹೊಡೆತ ತಿಂದ್ರು. ಜಮ್‌ಶೆಟ್‌ಜಿ ಆಗ ಲಂಡನ್‌ನಲ್ಲಿದ್ರು, ಓಡಿ ಹೋಗಲಿಲ್ಲ, ಸಾಲ ಕೊಟ್ಟೋರ ಎದುರಿಗೆ ಕೂತು ಇದ್ದದ್ದು ಇದ್ದಂಗೆ ಹೇಳಿದ್ರು. 1868ರಲ್ಲಿ 21,000 ರೂಪಾಯಿ ಹಾಕಿ ತಮ್ಮದೇ ಕಂಪನಿ ಶುರು ಮಾಡಿದ್ರು. ಅಂದ್ರೆ ಬಿದ್ದ ಅನುಭವ ಇದ್ದ ಮನುಷ್ಯ, ಹುಟ್ಟಿದಾಗಿಂದ ಚಿನ್ನದ ಚಮಚ ಬಾಯಲ್ಲಿದ್ದೋರಲ್ಲ.

ಆಮೇಲೆ ಮಿಲ್ಲು. ಎಲ್ರೂ ಬಾಂಬೆಯಲ್ಲೇ ಮಿಲ್ ಕಟ್ತಿದ್ದಾಗ ಇವ್ರು ನಾಗಪುರಕ್ಕೆ ಹೋದ್ರು, ಯಾಕಂದ್ರೆ ಹತ್ತಿ ಬೆಳೆಯೋದು ಆ ಕಡೆ, ಕಲ್ಲಿದ್ದಲು ಹತ್ರ, ಜಾಗ ಅಗ್ಗ. ತಗೊಂಡ ಜಾಗ ಜೌಗು, ಅದನ್ನ ಮಣ್ಣು ಹಾಕಿ ಮುಚ್ಚಬೇಕಿತ್ತು. ಅಲ್ಲಿನ ಒಬ್ಬ ಸಾಹುಕಾರ, ಒಳ್ಳೆ ದುಡ್ಡನ್ನ ಮಣ್ಣಿಗೆ ಹಾಕೋರಿಗೆ ಸಾಲ ಕೊಡಲ್ಲ ಅಂದ್ನಂತೆ, ವರ್ಷಗಳಾದ ಮೇಲೆ, ಈತ ಮಣ್ಣು ಹಾಕಿ ಚಿನ್ನ ತೆಗೆದ ಅಂತ ತಾನೇ ಒಪ್ಕೊಂಡ ಅನ್ನೋ ಕಥೆ ಇದೆ. 1877ರ ಜನವರಿ 1ಕ್ಕೆ ಎಂಪ್ರೆಸ್ ಮಿಲ್ ಶುರುವಾಯ್ತು, ವಿಕ್ಟೋರಿಯಾ ರಾಣಿನ ಭಾರತದ ಚಕ್ರವರ್ತಿನಿ ಅಂತ ಘೋಷಿಸಿದ ದಿನಾನೇ ಅದು, ಹೆಸರೂ ಅದಕ್ಕೇ ಬಂದದ್ದು.

ಈಗ ಚಿಕ್ಕಪ್ಪಂಗೆ ನಾನು ಕೊಟ್ಟ ಉತ್ತರ ಇಲ್ಲಿಂದ ಶುರುವಾಗುತ್ತೆ. ಸಂಸ್ಥೆ, ಕಾಲೇಜು ಎಲ್ಲ ಆಮೇಲೆ, ಅವರು ಕೇಳಿದ್ದು "ಕೆಲಸದೋರಿಗೆ ಏನು ಕೊಟ್ರು ಅದು ಹೇಳು ಮೊದ್ಲು" ಅಂತ. ಸರಿ. ಎಂಪ್ರೆಸ್ ಮಿಲ್ಲಲ್ಲಿ ಹೊಗೆ, ಧೂಳು, ಸೆಖೆಗೆ ಗಾಳಿ ಬರೋ ವ್ಯವಸ್ಥೆ, ಹವೆ ತಂಪಾಗಿಡೋ ಮೆಷೀನು, ಬೆಂಕಿ ಬಿದ್ರೆ ನೀರು ಚಿಮ್ಮೋ ಸ್ಪ್ರಿಂಕ್ಲರು ಹಾಕಿಸಿದ್ರು. 1886ರಲ್ಲಿ ಪಿಂಚಣಿ ನಿಧಿ. 1895ರಲ್ಲಿ ಕೆಲಸದಲ್ಲಿ ಕೈಕಾಲು ಕಳ್ಕೊಂಡ್ರೆ ಪರಿಹಾರ. ನಮ್ಮ ದೇಶದಲ್ಲಿ ಕಾರ್ಮಿಕರಿಗೆ ಅಪಘಾತದ ಪರಿಹಾರ ಕಾನೂನು ಆಗಿದ್ದು 1923ರಲ್ಲಿ, ಪಿಎಫ್ ಕಾನೂನು 1952ರಲ್ಲಿ! ಯಾರೂ ಕೇಳದೇ, ಯಾವ ಯೂನಿಯನ್ನೂ ಗೇಟ್ ಮುಂದೆ ಕೂರದೇ ಇದ್ದ ಕಾಲದಲ್ಲಿ ಇದಾಗಿದೆ. ಹೌದು, ಕೆಲಸದೋರು ದಿನಾ ಬರ್ಲಿ, ಮಿಲ್ ನಿಲ್ಲದೇ ಓಡ್ಲಿ ಅನ್ನೋ ಲೆಕ್ಕಾಚಾರಾನೂ ಅದರಲ್ಲಿ ಇತ್ತು, ನಾಗಪುರದಲ್ಲಿ ಮೊದಮೊದಲು ಜನ ಸರಿಯಾಗಿ ಕೆಲಸಕ್ಕೇ ಬರ್ತಿರಲಿಲ್ಲ. ಬೇರೆ ಮಾಲೀಕರು ಅದಕ್ಕೆ ದಂಡ ಹಾಕ್ತಿದ್ರು, ಇವ್ರು ಬಹುಮಾನ ಕೊಟ್ರು, ನಾನು ನೋಡೋದು ಆ ವ್ಯತ್ಯಾಸನ. ಇದು ಹೇಳಿದಾಗ ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ನಿದ್ದು, "ಪಿಂಚಣಿನಾ? 1886ರಲ್ಲಾ?" ಅಂತ ಎರಡು ಸಲ ಕೇಳಿದ್ರು.

ಇನ್ನು ನಮ್ಮ ಬೆಂಗಳೂರಿನ ವಿಷಯ. ಮಲ್ಲೇಶ್ವರಂ ಕಡೆಯಿಂದ ಯಶವಂತಪುರಕ್ಕೆ ಹೋಗೋ ಬಸ್ಸಲ್ಲಿ ಕಂಡಕ್ಟರ್ ಇವತ್ತಿಗೂ "ಟಾಟಾ ಇನ್‌ಸ್ಟಿಟ್ಯೂಟ್" ಅಂತಾನೇ ಕೂಗ್ತಾರೆ, ಬೋರ್ಡಲ್ಲಿ ಇರೋದು ಭಾರತೀಯ ವಿಜ್ಞಾನ ಸಂಸ್ಥೆ ಅಂತ. ಜಮ್‌ಶೆಟ್‌ಜಿ ಇದಕ್ಕೆ ತಮ್ಮ ಹೆಸರು ಬೇಡವೇ ಬೇಡ ಅಂದಿದ್ರು, ಇದು ದೇಶದ ಸಂಸ್ಥೆ ಆಗ್ಬೇಕು, ನನ್ನ ಹೆಸರಿದ್ರೆ ಬೇರೆಯೋರು ದುಡ್ಡು ಹಾಕಲ್ಲ ಅನ್ನೋ ಯೋಚನೆ. ಜನ ಕೇಳಲಿಲ್ಲ, ಅದು ಬೇರೆ ಮಾತು.

1898ರಲ್ಲಿ ಅವರು ಮುಂದಿಟ್ಟಿದ್ದು 30 ಲಕ್ಷ ರೂಪಾಯಿ ಬೆಲೆಯ ಆಸ್ತಿ. ಕ್ಯಾಶ್ ಅಲ್ಲ, ಬಾಂಬೆಯಲ್ಲಿದ್ದ ಕಟ್ಟಡಗಳು, ಜಾಗಗಳು, ಅವುಗಳ ಬಾಡಿಗೆಯಿಂದ ಸಂಸ್ಥೆ ನಡೀಲಿ ಅಂತ. ಆಗಿನ ಅವರ ಆಸ್ತಿಯಲ್ಲಿ ಹತ್ತತ್ರ ಅರ್ಧ ಅಂತಾರೆ. ಕೋಟಿ ಇದ್ದೋನು ಲಕ್ಷ ಕೊಟ್ಟ ಲೆಕ್ಕ ಅಲ್ಲ ಇದು, ಮನೇಲಿರೋ ಎರಡು ರೊಟ್ಟೀಲಿ ಒಂದು ಎತ್ತಿ ಕೊಟ್ಟಂಗೆ. ಆದ್ರೂ ನಾನು ಹೇಳೋದು ಇದನ್ನಲ್ಲ, ಕೊಡೋದರ ಜೊತೆಗೆ ಏನೇನು ಮಾಡಿದ್ರು ಅನ್ನೋದನ್ನ. ಬರ್ಜೋರ್‌ಜಿ ಪಾದಶಾ ಅನ್ನೋರನ್ನ ಬೇರೆ ದೇಶಗಳಿಗೆ ಕಳಿಸಿ ಅಲ್ಲಿನ ಯೂನಿವರ್ಸಿಟಿಗಳು ಹೆಂಗೆ ನಡೀತಾವೆ ಅಂತ ನೋಡಿಸಿದ್ರು. 1893ರಲ್ಲಿ ಜಪಾನಿಂದ ಹೊರಟ ಹಡಗಲ್ಲಿ ವಿವೇಕಾನಂದರ ಜೊತೆ ಮಾತಾಡಿದ್ದು ನೆನಪಿಟ್ಕೊಂಡು 1898ರ ನವೆಂಬರಲ್ಲಿ ಅವರಿಗೆ ಕಾಗದ ಬರೆದು, ಈ ಕೆಲಸಕ್ಕೆ ಜನರ ಮನಸ್ಸು ತಿರುಗಿಸೋಕೆ ಸಹಾಯ ಕೇಳಿದ್ರು. ಹೊಸ ವೈಸ್‌ರಾಯ್ ಕರ್ಜನ್ ಬಾಂಬೆಗೆ ಬಂದಿಳಿದ ಮಾರನೇ ದಿನಾನೇ, 1898ರ ಡಿಸೆಂಬರ್ 31ಕ್ಕೆ, ಇವರ ಸಮಿತಿ ಯೋಜನೆ ಹಿಡ್ಕೊಂಡು ಎದುರಿಗೆ ನಿಂತಿತ್ತು. ಕರ್ಜನ್ ಒಪ್ಪಲಿಲ್ಲ. ಇಷ್ಟು ದೊಡ್ಡ ಓದು ಓದೋಕೆ ಹುಡುಗರು ಎಲ್ಲಿದ್ದಾರೆ, ಓದಿದ್ಮೇಲೆ ಅವರಿಗೆ ಕೆಲಸ ಎಲ್ಲಿದೆ ಅಂತ ಅನುಮಾನ. ನನಗೆ ಇದನ್ನ ಓದಿದಾಗ್ಲೆಲ್ಲ ಸಿಟ್ಟು ಬರುತ್ತೆ. ತನ್ನ ಆಸ್ತಿ ತಾನು ಕೊಡ್ತೀನಿ ತಗೊಳ್ಳಿ ಅಂತ ಒಬ್ಬ ಮನುಷ್ಯ ಸರ್ಕಾರದ ಬಾಗಿಲಲ್ಲಿ ನಿಂತು ಬೇಡ್ಕೋಬೇಕಾಯ್ತಲ್ಲ, ಅದೂ ಒಂದು ದಿನ ಎರಡು ದಿನ ಅಲ್ಲ, ಸಾಯೋವರೆಗೂ.

ಜಾಗ ಎಲ್ಲಿ ಅನ್ನೋದು ನೋಡೋಕೆ ವಿಲಿಯಂ ರಾಮ್ಸೆ ಬಂದ್ರು, ಗಾಳಿಯಲ್ಲಿರೋ ಆರ್ಗಾನ್ ಥರದ ಅನಿಲಗಳನ್ನ ಕಂಡುಹಿಡಿದ ವಿಜ್ಞಾನಿ, ದೇಶ ಸುತ್ತಿ ಬೆಂಗಳೂರು ಆಗ್ಬಹುದು ಅಂದ್ರು. ಹವಾ ಚೆನ್ನಾಗಿದೆ ಅನ್ನೋದು ಒಂದು, ಅದಕ್ಕಿಂತ ಮುಖ್ಯ ಮೈಸೂರು ಸಂಸ್ಥಾನ ಕೈ ಚಾಚಿ ಕರೀತಿತ್ತು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲೇ ಮಾತುಕತೆ ಶುರುವಾಗಿ, ಕೊನೆಗೆ ನಾಲ್ವಡಿ ಕೃಷ್ಣರಾಜ ಒಡೆಯರ್ 1907ರಲ್ಲಿ 371 ಎಕರೆ ಜಾಗ ಕೊಟ್ರು, ಕಟ್ಟಡಕ್ಕೆ 5 ಲಕ್ಷ, ಮೇಲೆ ವರ್ಷಕ್ಕೆ 50,000 ರೂಪಾಯಿ. ನಾವು ಟಾಟಾ ಟಾಟಾ ಅನ್ನುವಾಗ ಮೈಸೂರಿನ ಈ ಪಾಲನ್ನ ಮರೀಬಾರದು, ಇದು ಇಬ್ಬರು ಸೇರಿ ಕಟ್ಟಿದ ಮನೆ. 1909ರಲ್ಲಿ ಸಂಸ್ಥೆ ಶುರು ಮಾಡೋಕೆ ಸರ್ಕಾರದ ಆದೇಶ ಆಯ್ತು, 1911ರಲ್ಲಿ ಮೊದಲ ಬ್ಯಾಚ್ ಹುಡುಗರು ಬಂದ್ರು, ರಸಾಯನಶಾಸ್ತ್ರ ಮತ್ತೆ ಎಲೆಕ್ಟ್ರಿಕಲ್ ವಿಭಾಗಕ್ಕೆ.

ಅಷ್ಟೊತ್ತಿಗೆ ಶೇಷಾದ್ರಿ ಅಯ್ಯರ್ ಇರಲಿಲ್ಲ, 1901ರಲ್ಲೇ ಹೋಗಿದ್ರು. ವಿವೇಕಾನಂದರು 1902ರಲ್ಲಿ. ಜಮ್‌ಶೆಟ್‌ಜಿ 1904ರ ಮೇ 19ಕ್ಕೆ ಜರ್ಮನಿಯ ಬಾಟ್ ನೌಹೈಮ್ ಅನ್ನೋ ಊರಲ್ಲಿ ತೀರ್ಕೊಂಡ್ರು, ಸಮಾಧಿ ಇಂಗ್ಲೆಂಡಿನ ಬ್ರುಕ್‌ವುಡ್‌ನಲ್ಲಿದೆ. ಒಂದೇ ಒಂದು ಕಲ್ಲೂ ಎದ್ದಿದ್ದು ನೋಡಲಿಲ್ಲ. ಮಕ್ಕಳು ದೊರಾಬ್‌ಜಿ, ರತನ್‌ಜಿ ಅಪ್ಪ ಕೊಟ್ಟ ಮಾತಿಗೆ ತಪ್ಪಲಿಲ್ಲ, ಆಸ್ತಿ ಸಂಸ್ಥೆಗೇ ಹೋಯ್ತು, ಇವತ್ತಿನ ಕಾಲದಲ್ಲಿ ಅಣ್ಣತಮ್ಮಂದಿರು ಒಂದು ಸೈಟಿಗೆ ಕೋರ್ಟಿಗೆ ಹೋಗೋದು ನೋಡಿದ್ರೆ ಅದೂ ಸಣ್ಣ ವಿಷಯ ಅಲ್ಲ. ಮೇನ್ ಬಿಲ್ಡಿಂಗ್ ಮುಂದೆ 1922ರ ಪ್ರತಿಮೆ ಇದೆ, ಅವರ ಕೈಯಲ್ಲಿ ಸಂಸ್ಥೆಯ ಚಿಕ್ಕ ಮಾದರಿ.

ಬೆಂಗಳೂರಿನ ನಂಟು ಇಷ್ಟಕ್ಕೇ ಮುಗಿಯಲ್ಲ. ಬಸವನಗುಡಿ ಕಡೆ ಟಾಟಾ ಸಿಲ್ಕ್ ಫಾರ್ಮ್ ಅಂತ ಏರಿಯಾ ಇದೆಯಲ್ಲ, ಅದು ಇವರದ್ದೇ. ಜಪಾನಿಂದ ಎಕ್ಸ್‌ಪರ್ಟ್‌ಗಳನ್ನ ಕರೆಸಿ ರೇಷ್ಮೆ ಸಾಕೋದು, ನೂಲು ತೆಗೆಯೋದು ನಮ್ಮೋರಿಗೆ ಹೇಳ್ಕೊಟ್ಟ ಜಾಗ. ಆಮೇಲೆ ಅದು ಸಾಲ್ವೇಶನ್ ಆರ್ಮಿ ಕೈಗೆ ಹೋಯ್ತು, ಈಗ ಉಳಿದಿರೋದು ಹೆಸರೊಂದೇ. ದೊರಾಬ್‌ಜಿಯವರ ಹೆಂಡ್ತಿ ಮೆಹರ್‌ಬಾಯಿ ಕೂಡ ನಮ್ಮ ಕಡೆಯೋರೇ ಅನ್ನಬಹುದು, ಅವರಪ್ಪ ಭಾಭಾ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿ ದೊಡ್ಡ ಅಧಿಕಾರಿ, ಅದೇ ಮನೆತನದ ಮೊಮ್ಮಗ, ಅಣು ವಿಜ್ಞಾನಿ ಹೋಮಿ ಭಾಭಾ ಮುಂದೆ ಇದೇ ವಿಜ್ಞಾನ ಸಂಸ್ಥೆ ಕ್ಯಾಂಪಸ್ಸಲ್ಲಿ ಕೂತು ಕೆಲಸ ಮಾಡಿದ್ದು, 1945ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಶುರುವಾಗಿದ್ದೂ ಇಲ್ಲೇ.

ಜಮ್‌ಶೆಟ್‌ಜಿ ಕಟ್ಟಬೇಕು ಅಂದ್ಕೊಂಡಿದ್ದ ಉಕ್ಕಿನ ಕಾರ್ಖಾನೆ ಬಗ್ಗೆ ಎಲ್ಲ ಕಡೆ ಬರೆದಿದ್ದಾರೆ, ನಾನು ಒಂದೇ ವಿಷಯ ಹೇಳ್ತೀನಿ. 1902ರಲ್ಲಿ, ಕಾರ್ಖಾನೆಗೆ ಜಾಗಾನೂ ಸಿಗದಿದ್ದಾಗ, ಮಗನಿಗೆ ಬರೆದ ಕಾಗದದಲ್ಲಿ ಅವರು ಚಿಂತೆ ಮಾಡಿದ್ದು ಅಲ್ಲಿ ಬದುಕೋರ ಊರಿನ ಬಗ್ಗೆ. ಅಗಲವಾದ ರಸ್ತೆ ಇರ್ಲಿ, ಬೇಗ ಬೆಳೆಯೋ ನೆರಳಿನ ಮರ ಹಾಕಿ, ಆಟದ ಮೈದಾನ ಬಿಡಿ, ದೇವಸ್ಥಾನ, ಮಸೀದಿ, ಚರ್ಚಿಗೆ ಜಾಗ ತೆಗೆದಿಡಿ ಅಂತ. ಆ ಊರೇ ಜಮ್‌ಶೆಡ್‌ಪುರ, 1919ರಲ್ಲಿ ಆ ಹೆಸರು ಬಂತು. 1912ರಲ್ಲಿ ಅಲ್ಲಿ ದಿನಕ್ಕೆ 8 ಗಂಟೆ ಕೆಲಸ ಅಂತ ಮಾಡಿದ್ರು.

ಒಂದು ವಿಷಯದಲ್ಲಿ ಮಾತ್ರ ನಾನು ಅವರ ಜೊತೆ ಪೂರ್ತಿ ಇಲ್ಲ. ಬಡವರಿಗೆ ಊಟ ಬಟ್ಟೆ ಹಂಚೋದಕ್ಕಿಂತ ಬುದ್ಧಿವಂತ ಹುಡುಗರನ್ನ ಮೇಲಕ್ಕೆತ್ತಿದ್ರೆ ದೇಶ ಬೇಗ ಮುಂದೆ ಹೋಗುತ್ತೆ ಅನ್ನೋದು ಅವರ ನಂಬಿಕೆ, 1892ರಲ್ಲೇ ಹೊರದೇಶದಲ್ಲಿ ಓದೋಕೆ ಸಾಲದ ರೂಪದಲ್ಲಿ ಸ್ಕಾಲರ್‌ಶಿಪ್ ಇಟ್ಟಿದ್ದೂ ಅದಕ್ಕೇ. ಅದರಿಂದ ಎಷ್ಟೋ ಜನ ಬೆಳೆದ್ರು, ನಿಜ. ಆದ್ರೆ ಹೊಟ್ಟೆಗಿಲ್ಲದ ಮಗು ತಾನು ಬುದ್ಧಿವಂತೆ ಅಂತ ತೋರಿಸೋ ಮಟ್ಟಕ್ಕಾದ್ರೂ ಬರಬೇಕಲ್ಲ, ಅಲ್ಲಿಗೆ ತಲುಪಿಸೋರು ಯಾರು? ಅನ್ನ ಹಾಕೋರನ್ನ ನಾನು ಕಡಿಮೆ ಮಾಡಿ ನೋಡೋಕಾಗಲ್ಲ, ಬಿಸಿಯೂಟದಿಂದ ಶಾಲೆಗೆ ಬಂದ ಮಕ್ಕಳನ್ನ ಕಣ್ಣಾರೆ ನೋಡಿದ್ದೀನಿ.

ಚಿಕ್ಕಪ್ಪ ತಮ್ಮ ಪ್ರಶ್ನೆನ ಇನ್ನೂ ವಾಪಸ್ ತಗೊಂಡಿಲ್ಲ. ಸಂಸ್ಥೆ, ಉಕ್ಕು, ತಾಜ್ ಹೋಟೆಲು ಯಾವುದರ ಬಗ್ಗೆ ಹೇಳಿದ್ರೂ "ಹ್ಞೂಂ" ಅಂತ ಸುಮ್ನಾಗ್ತಾರೆ. ಮನೆಗೆ ಯಾರಾದ್ರೂ ಹಳೇ ಮಿಲ್ಲಿನ ಗೆಳೆಯರು ಬಂದ್ರೆ ಮಾತ್ರ ನನ್ನನ್ನ ಒಳಗಿಂದ ಕರೀತಾರೆ, ಆ ನಾಗಪುರದ ಪಿಂಚಣಿ ವಿಷಯ ಇವರಿಗೂ ಒಂದ್ಸಲ ಹೇಳು, ವರ್ಷ ಸಮೇತ ಹೇಳು ಅಂತ.