ಬೆನ್ನು ನೆಲಕ್ಕೆ ಹಚ್ಚೋದು ಕಲಿಯೋಕೆ ಒಂದು ವರ್ಷ ಬೇಕಾಯ್ತು

ಬಳ್ಳಾರಿಯ ಕೌಲ್ ಬಜಾರ್ ಕಡೆ ಜೀನ್ಸ್ ಹೊಲಿಯೋ ಒಂದು ಯೂನಿಟ್ ಐತೆ, ಅದರ ಮಾಳಿಗೆ ಮೇಲೆ ತಗಡಿನ ಶೀಟ್ ಹೊದಿಸಿ, ನೀಲಿ ಮ್ಯಾಟ್ ಹಾಸಿ, ಎರಡು ಫ್ಯಾನ್ ಹಚ್ಚಿದ್ದಾರೆ, ಅದೇ ನಮ್ಮ ಎಂಎಂಎ ಜಿಮ್. ಎಂಎಂಎ ಅಂದ್ರೆ ಮಿಕ್ಸ್ಡ್ ಮಾರ್ಷಲ್ ಆರ್ಟ್ಸ್, ಗುದ್ದು, ಒದೆ, ಕುಸ್ತಿ ಎಲ್ಲಾ ಸೇರಿದ ಆಟ. ಕೆಳಗೆ ಮಷೀನ್ ಟರ್ರ್ ಅಂತಿರ್ತವೆ, ಮೇಲೆ ನಾವು ದಬದಬ ಬೀಳ್ತಿರ್ತೀವಿ. ಮೊದಲ ದಿನ ಹೋದಾಗ ನನಗೆ ಭಾರೀ ಧಿಮಾಕು ಇತ್ತು, ಸುಳ್ಳು ಯಾಕೆ ಹೇಳ್ಲಿ. ಎಂಟನೇ ವಯಸ್ಸಿಂದ ಹದಿನೆಂಟರ ತನಕ ಕುರುಗೋಡು ಕಡೆ ನಮ್ಮೂರ ಗರಡಿ ಮಣ್ಣಲ್ಲಿ ಹೊರಳಾಡಿದವನು ನಾನು, ಜಾತ್ರೇಲಿ ತೆಂಗಿನಕಾಯಿ ಕುಸ್ತಿಯಿಂದ ಶುರು ಮಾಡಿ ಬೆಳ್ಳಿ ಕಡಗದ ಕುಸ್ತಿವರೆಗೂ ಆಡಿದವನು, ಎಡಗಿವಿ ಮಡಚಿಕೊಂಡು ಗಟ್ಟಿಯಾಗಿ ಇವತ್ತಿಗೂ ಇಯರ್‌ಫೋನ್ ಕೂರಲ್ಲ. ತೂಕ 76. ಕೋಚ್ ಎದುರಿಗೆ ನಿಲ್ಲಿಸಿದ್ದು ಒಬ್ಬ ಪಿಯುಸಿ ಹುಡುಗನ್ನ, 61 ಕೆಜಿ ಇದ್ರೆ ಹೆಚ್ಚು, ಮೀಸೆನೂ ನೆಟ್ಟಗೆ ಬಂದಿಲ್ಲ. ಗುದ್ದಾಟ ಇಲ್ಲ ಬರೀ ಹಿಡಿದಾಟ ಅಂದ್ರು, ನಾನು ಒಳಗೊಳಗೇ ನಕ್ಕೆ.

ಹಿಡಿದ ಮೊದಲ ಹತ್ತು ಸೆಕೆಂಡಲ್ಲೇ ಕಲಾಜಂಗ್ ಅನ್ನೋ ಕುಸ್ತಿ ಪಟ್ಟು ಹಾಕಿ ಎತ್ತಿ ಬಡಿದೆ. ಹುಡುಗ ಬಿದ್ದ, ಬಿದ್ದವನು ಕಾಲಿಂದ ನನ್ನ ಸೊಂಟಕ್ಕೆ ಏನೋ ಕೊಕ್ಕೆ ಹಾಕಿ ಹೊರಳಿಸಿದ, ನನ್ನ ಬೆನ್ನು ನೆಲದ ಕಡೆ ಹೋಗ್ತಿದೆ ಅಂತ ಗೊತ್ತಾದ ತಕ್ಷಣ ನಾನು ಸಾವಿರ ಸಲ ಮಾಡಿದ್ದನ್ನೇ ಮಾಡಿದೆ, ಗಬಕ್ಕನೆ ಬೋರಲು ತಿರುಗಿ, ಹೊಟ್ಟೆ ನೆಲಕ್ಕೆ ಹಚ್ಚಿ, ಮೊಣಕೈ ಒಳಗೆ ಎಳ್ಕೊಂಡು ಆಮೆ ಥರ ಕೂತೆ. ಕುಸ್ತೀಲಿ ಹಂಗೆ ಕೂತವನನ್ನ ಚಿತ್ ಮಾಡೋಕೆ ಮೇಲಿನವನಿಗೆ ಸಾಕುಸಾಕಾಗುತ್ತೆ. ಈ ಹುಡುಗ ಮಾತ್ರ ಹಬ್ಬದೂಟ ಸಿಕ್ಕಂಗೆ ಬೆನ್ನು ಹತ್ತಿ, ಎರಡೂ ಕಾಲು ನನ್ನ ತೊಡೆ ಸಂದಿಗೆ ಸಿಗಿಸಿ, ಗದ್ದದ ಕೆಳಗೆ ಒಂದು ಕೈ ತೂರಿಸಿದ. ಉಸಿರು ಚೆನ್ನಾಗೇ ಆಡ್ತಿತ್ತು, ಆದ್ರೆ ಕಣ್ಣಿನ ಅಂಚಿಂದ ಕತ್ತಲೆ ಬರೋಕೆ ಶುರುವಾಯ್ತು. 'ತಟ್ರೀ ಅಣ್ಣಾ, ತಟ್ರೀ' ಅಂತ ಅವನೇ ಕಿವೀಲಿ ಹೇಳ್ತಿದ್ದ. ಆ ದಿನ ಆರು ನಿಮಿಷದಲ್ಲಿ ಐದು ಸಲ ಇದೇ ಆಯ್ತು, ಐದು ಸಲಾನೂ ನಾನೇ ತಿರುಗಿ ಬೆನ್ನು ಕೊಟ್ಟೆ.

ಅದು ರಿಯರ್ ನೇಕೆಡ್ ಚೋಕ್. ಗಂಟಲು ಹಿಸುಕೋದಲ್ಲ ಅದು, ಕತ್ತಿನ ಎರಡೂ ಬದಿ ಮೆದುಳಿಗೆ ರಕ್ತ ಒಯ್ಯೋ ನಾಳಗಳು ಇರ್ತವಲ್ಲ, ಒಂದು ಬದಿಗೆ ಮುಂಗೈ ಇನ್ನೊಂದು ಬದಿಗೆ ತೋಳು ಬಂದು ಎರಡನ್ನೂ ಒತ್ತಿಬಿಡುತ್ತೆ. ಸರಿಯಾಗಿ ಬಿದ್ರೆ ಎಂಟ್ಹತ್ತು ಸೆಕೆಂಡಲ್ಲಿ ಮನುಷ್ಯ ಔಟ್, ಎಷ್ಟೇ ಬಾಡಿ ಇರ್ಲಿ. ಕೋಚ್ ಇಲ್ಲದೆ ಮನೇಲಿ ತಮ್ಮನ ಮೇಲೆ ಟ್ರೈ ಮಾಡೋಕೆ ಹೋಗ್ಬೇಡ್ರಿ ಮತ್ತೆ.

ಮನೆಗೆ ಬಂದು ರಾತ್ರಿಯೆಲ್ಲಾ ಯೋಚನೆ. ಕುಸ್ತೀಲಿ ಸೋಲು ಅಂದ್ರೆ ಒಂದೇ, ಎರಡೂ ಭುಜ ಮಣ್ಣಿಗೆ ತಾಗೋದು. ಪಾಯಿಂಟು ಗೀಯಿಂಟು ನಮ್ಮ ಜಾತ್ರೆ ಕಣದಲ್ಲಿ ಇರಲಿಲ್ಲ, ಚಿತ್ ಆದೆ ಅಂದ್ರೆ ಮುಗೀತು, ಹಲಗೆ ಬಡಿಯೋರು ಅವನ ಕಡೆ ಹೋದ್ರು. ಹಂಗಾಗಿ ಬೆನ್ನು ಕಾಪಾಡ್ಕೊಳ್ಳೋದು ತಲೆಗಲ್ಲ ಮೈಗೇ ಇಳಿದುಬಿಟ್ಟಿರುತ್ತೆ. ಎಂಎಂಎದಲ್ಲಿ ಲೆಕ್ಕ ಉಲ್ಟಾ. ಇಲ್ಲಿ ಬೆನ್ನು ನೆಲಕ್ಕೆ ತಾಗಿದ್ರೆ ಯಾರೂ ಸೀಟಿ ಊದಲ್ಲ, ಬೆನ್ನ ಮೇಲೆ ಮಲಗಿ ಎದುರಾಳೀನ ಕಾಲೊಳಗೆ ಹಿಡ್ಕೊಂಡ್ರೆ ಅದಕ್ಕೆ ಗಾರ್ಡ್ ಅಂತಾರೆ, ಅಲ್ಲಿಂದ ಕೈ ತಿರುಚಬಹುದು ಕತ್ತು ಹಿಡೀಬಹುದು ಎದ್ದು ನಿಲ್ಲಬಹುದು. ಎದುರಾಳಿಗೆ ನಿನ್ನ ಬೆನ್ನು ಸಿಕ್ರೆ ಮಾತ್ರ ಕತೆ ಮುಗೀತು. ನಮ್ಮ ದೋಬಿ ಪಚಾಡ್ ಹಾಕೋವಾಗ ಅವನಿಗೆ ಬೆನ್ನು ತಿರುಗಿಸಿ ಹೆಗಲ ಮೇಲಿಂದ ಒಗೀತೀವಲ್ಲ, ಅದು ಸ್ವಲ್ಪ ಜಾರಿದ್ರೂ ಅವನು ಸೀದಾ ಬೆನ್ನ ಮೇಲೆ ಕೂತಿರ್ತಾನೆ. ನನ್ನ ಮುತ್ತಿನಂಥ ಪಟ್ಟು ಅದು, ಕೋಚ್ ಆರು ತಿಂಗಳು ಅದನ್ನ ಮುಟ್ಟಂಗಿಲ್ಲ ಅಂದುಬಿಟ್ರು.

ಇದು ನನ್ನೊಬ್ಬನ ಗೋಳಲ್ಲ ಅಂತ ಆಮೇಲೆ ಗೊತ್ತಾಯ್ತು. 1993 ನವೆಂಬರ್ 12ಕ್ಕೆ ಅಮೆರಿಕದ ಡೆನ್ವರ್‌ನಲ್ಲಿ ಮೊದಲನೇ ಯುಎಫ್‌ಸಿ, ಅಂದ್ರೆ ಎಂಎಂಎದ ದೊಡ್ಡ ಪಂದ್ಯಾವಳಿ, ನಡೆದಾಗ ಗೆದ್ದಿದ್ದು ಬ್ರೆಜಿಲ್‌ನ ರಾಯ್ಸ್ ಗ್ರೇಸಿ ಅನ್ನೋ ಬಡಕಲು ಮನುಷ್ಯ, ಸುಮಾರು 80 ಕೆಜಿ. ಒಂದೇ ರಾತ್ರೀಲಿ ಮೂರು ಜನರನ್ನ ಸೋಲಿಸಿದ, ಫೈನಲ್ ಮುಗಿಸಿದ್ದು ಇದೇ ಹಿಂದಿನಿಂದ ಕತ್ತು ಹಿಡಿಯೋ ಪಟ್ಟಿಂದ. ಅವನ ಮೊದಲ ಎದುರಾಳಿ ಆರ್ಟ್ ಜಿಮ್ಮರ್ಸನ್ ಅಂತ ಬಾಕ್ಸರ್, ಒಂದೇ ಕೈಗೆ ಗ್ಲೌಸ್ ಹಾಕ್ಕೊಂಡು ಬಂದಿದ್ದ, ವಿಡಿಯೋ ನೋಡಿದ್ರೆ ನಗು ಬರುತ್ತೆ. ಆದ್ರೆ ಮೊದಲ ದಿನದ ನನಗೂ ಅವನಿಗೂ ಏನು ವ್ಯತ್ಯಾಸ ಹೇಳ್ರಿ, ಅವನಿಗೆ ಒಂದು ಕೈಗೆ ಗ್ಲೌಸ್ ಇತ್ತು ನನಗೆ ಅದೂ ಇರಲಿಲ್ಲ.

ಇನ್ನು ತಟ್ಟೋ ವಿಷಯ. ಹಿಡಿತ ತಡೆಯೋಕಾಗ್ದೇ ಇದ್ರೆ ಅವನ ಮೈಮೇಲೋ ಮ್ಯಾಟ್ ಮೇಲೋ ಎರಡು ಮೂರು ಸಲ ತಟ್ಟಿದ್ರೆ ಸೋತೆ ಬಿಡಪ್ಪಾ ಅಂತ ಅರ್ಥ. ನಮ್ಮ ಕಡೆ ತಟ್ಟೋದು ಅಂದ್ರೆ ತೊಡೆ ತಟ್ಟೋದು, ಯಾರಿದ್ದೀರೋ ಬರ್ರೀ ಅನ್ನೋದು. ಈ ಕೈ ಆ ಕೆಲಸ ಕಲಿತಿತ್ತು, ಈ ಕೆಲಸ ಕಲಿಯೋಕೆ ಒಪ್ತಾನೇ ಇರಲಿಲ್ಲ. ಅದರ ದಂಡ ಕಟ್ಟಿದ್ದು ಬಲ ಭುಜದಲ್ಲಿ. ಒಂದಿನ ಕೋಚ್ 'ಇವತ್ತು ಕಿಮುರಾ' ಅಂದ್ರು, ನನಗೆ 'ಕೈ ಮುರಾ' ಅಂತ ಕೇಳಿಸ್ತು, ಎಷ್ಟು ನೇರವಾಗಿ ಹೆಸರಿಟ್ಟಿದಾರಪ್ಪಾ ಅಂದ್ಕೊಂಡೆ. ಅದು ಜಪಾನಿನ ಜೂಡೋ ಪಟು ಮಸಾಹಿಕೊ ಕಿಮುರಾ ಹೆಸರು, 1951ರಲ್ಲಿ ರಿಯೋದಲ್ಲಿ ಆ ರಾಯ್ಸ್‌ನ ಅಪ್ಪ ಎಲಿಯೋ ಗ್ರೇಸಿಯ ಕೈ ಇದೇ ಪಟ್ಟಲ್ಲಿ ಮುರಿದ, ಗ್ರೇಸಿ ಆಗ್ಲೂ ಸೋತೆ ಅನ್ಲಿಲ್ಲ, ಅವರ ಕಡೆಯೋರೇ ಟವೆಲ್ ಎಸೆದ್ರು. ಕೈ ಮುರಿದವನ ಹೆಸರೇ ಪಟ್ಟಿಗೆ ಬಂತು. ಅಂದ್ರೆ ನಾನು ತಪ್ಪಾಗಿ ಕೇಳಿಸ್ಕೊಂಡಿದ್ದು ಅಷ್ಟೇನೂ ತಪ್ಪಲ್ಲ. ಅವತ್ತು ಹುಡುಗ ಮಣಿಕಟ್ಟು ಹಿಡಿದು ಬೆನ್ನ ಹಿಂದಕ್ಕೆ ತಿರುಚ್ತಿದ್ರೆ ನಾನು ಹಲ್ಲು ಕಚ್ಚಿ ತಟ್ಟದೇ ಇದ್ದೆ, ಭುಜ ಲಟಕ್ ಅಂತು. ಎರಡು ತಿಂಗಳು ಅಂಗಿ ಹಾಕ್ಕೊಳ್ಳೋಕೆ ಅವ್ವನ ಕೈ ಬೇಕಾಯ್ತು.

ವಾರದ ಲೆಕ್ಕ ಹಿಂಗೆ, ಮೂರು ದಿನ ಗ್ರಾಪ್ಲಿಂಗ್ ಅಂದ್ರೆ ಹಿಡಿದಾಟ, ಎರಡು ದಿನ ಗುದ್ದು ಒದೆ, ಶನಿವಾರ ಸ್ಪಾರಿಂಗ್ ಅಂದ್ರೆ ಅಭ್ಯಾಸದ ಕಾದಾಟ. ನಾನು ತೋರಣಗಲ್ಲಲ್ಲಿ ಶಿಫ್ಟ್ ಕೆಲಸ ಮಾಡೋನು, ನೈಟ್ ಶಿಫ್ಟ್ ವಾರ ಬಂತಂದ್ರೆ ಅರ್ಧ ಕ್ಲಾಸ್ ಹೊಗೆ. ತೋರಣಗಲ್ಲಿನ ವಿದ್ಯಾನಗರದಲ್ಲಿ 2018ರಲ್ಲಿ ಶುರುವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಐತಲ್ಲ, ಅಲ್ಲಿ ಬಾಕ್ಸಿಂಗ್, ಕುಸ್ತಿ, ಜೂಡೋ ಬೇರೆ ಬೇರೆಯಾಗಿ ಕಲಿಸ್ತಾರೆ. ಬಸ್ಸಲ್ಲಿ ಕೂತು ನೋಡೋವಾಗ ಅನ್ಸುತ್ತೆ, ನಮ್ಮ ಆಟ ಅಂದ್ರೆ ಆ ಮೂರರ ಮಧ್ಯೆ ಇರೋ ಗೋಡೆ ಒಡೆದಂಗೆ. ಕಷ್ಟ ಇರೋದು ಮೂರನ್ನೂ ಕಲಿಯೋದ್ರಲ್ಲಲ್ಲ, ಒಂದರಿಂದ ಇನ್ನೊಂದಕ್ಕೆ ದಾಟೋ ಆ ಅರ್ಧ ಸೆಕೆಂಡಲ್ಲಿ.

ನಿಲ್ಲೋದನ್ನೇ ತಗೊಳ್ರಿ. ಕುಸ್ತಿಯವನು ಸೊಂಟ ಬಗ್ಗಿಸಿ, ತಲೆ ಮುಂದೆ ಚಾಚಿ ನಿಲ್ತಾನೆ, ಕಾಲು ಸಿಗಬಾರದು ಅಂತ. ಇಲ್ಲಿ ಹಂಗೆ ನಿಂತ್ರೆ ಮೊಣಕಾಲು ಸೀದಾ ಮುಖಕ್ಕೆ. ಬಾಕ್ಸರ್ ಥರ ನೆಟ್ಟಗೆ ನಿಂತ್ರೆ ಕಾಲು ಎತ್ಕೊಂಡು ಹೋಗ್ತಾರೆ. ಮುಂಗಾಲ ಮೇಲೆ ಭಾರ ಹಾಕಿದ್ರೆ ಮೀನಖಂಡಕ್ಕೆ ಒದೆ ಬೀಳುತ್ತೆ, ಎರಡು ಒದೆ ತಿಂದ್ರೆ ಪಾದ ಜೋಮು ಹಿಡಿದು ನಮ್ಮ ಮಾತೇ ಕೇಳಲ್ಲ. ಬರೀ ನಿಲ್ಲೋದು ಕಲಿಯೋಕೆ ನನಗೆ ನಾಲ್ಕು ತಿಂಗಳಾಯ್ತು. ಜ್ಯಾಬ್, ಅಂದ್ರೆ ಮುಂದಿನ ಕೈಯ ನೇರ ಗುದ್ದು, ಅದಂತೂ ಇನ್ನೂ ಸರಿ ಬಂದಿಲ್ಲ, ಹೊಡೆದ ಕೈ ಗದ್ದದ ಹತ್ರ ವಾಪಸ್ ಬರ್ಬೇಕು ಅನ್ನೋದು ಮರೆತೇಹೋಗುತ್ತೆ. ನಮ್ಮ ಜಿಮ್ಮಲ್ಲಿ ವುಶು ಅನ್ನೋ ಚೀನಾದ ಗುದ್ದು-ಒದೆ ಆಟ ಆಡಿ ಬಂದ ಹುಡುಗಿ ಒಬ್ಬಳಿದ್ದಾಳೆ, ಗೋಡೆ ಮೇಲೆ ಪೂಜಾ ತೋಮರ್ ಫೋಟೋ ಅಂಟಿಸಿರೋದು ಅವಳೇ, 2024 ಜೂನ್‌ನಲ್ಲಿ ಯುಎಫ್‌ಸಿಯಲ್ಲಿ ಗೆದ್ದ ಮೊದಲ ಭಾರತೀಯ ಹೆಣ್ಣುಮಗಳು, ಆಕೆನೂ ವುಶುವಿಂದಲೇ ಬಂದವಳು. ನಮ್ಮ ಹುಡುಗಿ ಜ್ಯಾಬ್ ಹೊಡೆದ್ರೆ ನನಗೆ ಕೈ ಕಾಣೋದೇ ಇಲ್ಲ, ಮೂಗಿಗೆ ಬಿದ್ಮೇಲೆ ಗೊತ್ತಾಗುತ್ತೆ. ಅದೂ ಫೈಟ್ ಗ್ಲೌಸ್ ನಾಲ್ಕೇ ಔನ್ಸು, 113 ಗ್ರಾಮು, ಸ್ಪಾರಿಂಗ್‌ಗೆ ದಪ್ಪಂದು ಹಾಕ್ತೀವಿ ಇಲ್ಲಾಂದ್ರೆ ಸೋಮವಾರ ಡ್ಯೂಟಿಗೆ ಹೋಗೋಕೆ ಮುಖ ಇರಲ್ಲ.

ಇದರ ಮಧ್ಯೆ ಒಂದಿನ ದೊಡ್ಡಪ್ಪ ಜಿಮ್ ನೋಡೋಕೆ ಬಂದ. ನನಗೆ ಕುಸ್ತಿ ಕಲಿಸಿದವನು ಅವನೇ. ಅವನ ಕಾಲಕ್ಕೆ ಗರಡಿ ಮಣ್ಣಿಗೆ ಅರಿಶಿಣ, ಮಜ್ಜಿಗೆ, ಎಣ್ಣೆ ಹಾಕಿ ಹದ ಮಾಡ್ತಿದ್ರು, ಗಾಯ ಕೀವಾಗಬಾರದು ಅಂತ. ಇಲ್ಲಿ ಮ್ಯಾಟಿಗೆ ದಿನಾ ಫಿನಾಯಿಲ್ ಒರೆಸ್ತೀವಿ, ಒಂದಿನ ತಪ್ಪಿದ್ರೂ ಯಾರಿಗೋ ಹುಳಕಡ್ಡಿ ಗ್ಯಾರಂಟಿ. ಅವನು ಬಂದಾಗ ನಾನು ಶ್ರಿಂಪಿಂಗ್ ಮಾಡ್ತಿದ್ದೆ, ಅಂದ್ರೆ ಬೆನ್ನ ಮೇಲೆ ಮಲಗಿ ಒಂದು ಪಾದ ಊರಿ ಸೊಂಟ ಪಕ್ಕಕ್ಕೆ ಜಾರಿಸ್ತಾ ಮ್ಯಾಟಿನ ಈ ತುದಿಯಿಂದ ಆ ತುದಿಗೆ ಹೋಗೋದು. ಮೇಲೆ ಕೂತವನಿಂದ ಜಾಗ ಮಾಡ್ಕೊಳ್ಳೋಕೆ ಇದಕ್ಕಿಂತ ಉಪಯೋಗದ ಕಸರತ್ತು ಇನ್ನೊಂದಿಲ್ಲ, ನೋಡೋಕೆ ಮಾತ್ರ ಹೊಟ್ಟೆನೋವು ಬಂದವರ ಥರ ಇರುತ್ತೆ.

ದೊಡ್ಡಪ್ಪ ಬಾಗಿಲಲ್ಲೇ ನಿಂತ. 'ಏನ್ಲೇ ತಮ್ಮಾ, ಬೆನ್ನು ನೆಲಕ್ಕ ಹಚ್ಚಿ ಮಕ್ಕಂಡೀಯಲ್ಲ. ಇದಕ್ಕ ರೊಕ್ಕ ಬ್ಯಾರೆ ಕೊಡ್ತೀಯೇನು?'

ಜಿಮ್ ಎಲ್ಲಾ ನಕ್ತು. ನಾನು ಗಾರ್ಡು, ಚೋಕು ಅಂತ ಏನೇನೋ ವಿವರಿಸಿದೆ, ಅವನು ಹೂಂ ಅಂದ, ಟೀ ಕುಡಿದು ಹೋದ. ಮೂರು ವಾರ ನನ್ನ ಹತ್ರ ಸರಿಯಾಗಿ ಮಾತಾಡ್ಲಿಲ್ಲ.

ಕಳೆದ ವರ್ಷ ಬೆಂಗಳೂರಲ್ಲಿ ಒಂದು ಅಮೆಚೂರ್ ಟೂರ್ನಮೆಂಟ್‌ಗೆ ಹೋದೆ, ಹಂಪಿ ಎಕ್ಸ್‌ಪ್ರೆಸ್ ಸ್ಲೀಪರಲ್ಲಿ, ತೂಕ ಇಳಿಸೋಕೆ ನೀರು ಕೂಡ ಅಳೆದು ಕುಡೀತಾ. ಏಪ್ರಿಲ್ ತಿಂಗಳ ಬಳ್ಳಾರೀಲಿ, ನಲವತ್ತು ಡಿಗ್ರಿ ದಾಟಿದ ಬಿಸಿಲಲ್ಲಿ, ಪ್ಲಾಸ್ಟಿಕ್ ಜಾಕೆಟ್ ಹಾಕಿ ಗುಡ್ಡದ ಬುಡದಲ್ಲಿ ಓಡಿದ ದಡ್ಡ ನಾನು, ಎರಡನೇ ದಿನ ತಲೆ ತಿರುಗಿ ಕೂತೆ, ಅದನ್ನ ಇನ್ಮೇಲೆ ಸತ್ರೂ ಮಾಡಲ್ಲ. ಮೂರು ನಿಮಿಷದ ಮೂರು ರೌಂಡು. ಪ್ರೊಫೆಷನಲ್ಸ್ ಐದೈದು ನಿಮಿಷ ಹೆಂಗೆ ಆಡ್ತಾರೋ ದೇವರಿಗೇ ಗೊತ್ತು. ಮೊದಲ ರೌಂಡಲ್ಲಿ ಎರಡು ಸಲ ಎತ್ತಿ ಹಾಕಿದೆ, ಎರಡನೇ ರೌಂಡಿಗೆ ಕೈ ಸೀಸ ತುಂಬಿದಂಗೆ, ಮೂರನೇದರಲ್ಲಿ ಅವನು ನನ್ನನ್ನ ಕೆಡವಿದ. ಯುಎಫ್‌ಸಿಯಲ್ಲಿ ಆಡಿದ ನಮ್ಮ ದೇಶದ ಅಂಶುಲ್ ಜುಬ್ಲಿ ಅಂಥವನೇ 2023ರ ಅಕ್ಟೋಬರಲ್ಲಿ ಅಬುಧಾಬೀಲಿ ಮೂರನೇ ರೌಂಡಲ್ಲಿ ನಾಕೌಟ್ ಆಗಿ ಬಿದ್ದ, ನಾನ್ಯಾವ ಲೆಕ್ಕ.

ಆದ್ರೆ ಕೆಳಗೆ ಬಿದ್ದಾಗ ಒಂದು ಆಯ್ತು. ಮೈ ಬೋರಲು ತಿರುಗೋಕೆ ಹೊರಟಿತ್ತು, ಎಡ ಭುಜ ಆಗ್ಲೇ ಎದ್ದಿತ್ತು, ನಾನು ಬೇಕಂತಲೇ ಅದನ್ನ ವಾಪಸ್ ನೆಲಕ್ಕೆ ಒತ್ತಿದೆ. ಬೆನ್ನು ಪೂರ್ತಿ ಹಚ್ಚಿದೆ. ಮೊಣಕಾಲು ಮಧ್ಯೆ ತಂದೆ, ಸೊಂಟ ಜಾರಿಸಿದೆ, ಒಂದು ಕೈ ಹಿಂದೆ ಊರಿ, ಇನ್ನೊಂದು ಕೈ ಮುಖದ ಮುಂದೆ ಇಟ್ಟು, ಕಾಲು ಅಡಿಯಿಂದ ಎಳ್ಕೊಂಡು ಎದ್ದು ನಿಂತೆ. ಟೆಕ್ನಿಕಲ್ ಸ್ಟ್ಯಾಂಡ್‌ಅಪ್ ಅಂತಾರೆ ಅದಕ್ಕೆ. ನಾಲ್ಕು ಸೆಕೆಂಡ್ ಇರ್ಬಹುದು. ಪಾಯಿಂಟಲ್ಲಿ ಸೋತೆ, ಆದ್ರೂ ವಾಪಸ್ ಬರೋ ಟ್ರೈನಲ್ಲಿ ಗುಂತಕಲ್ ತನಕ ಆ ನಾಲ್ಕು ಸೆಕೆಂಡಿನ ವಿಡಿಯೋನೇ ನೋಡ್ತಾ ಬಂದೆ. ಆಮೇಲೆ ಅದನ್ನ ದೊಡ್ಡಪ್ಪನಿಗೂ ತೋರಿಸಿದೆ, ಕನ್ನಡಕ ಹಾಕ್ಕೊಂಡು ಮೂರು ಸಲ ನೋಡಿ ಫೋನ್ ವಾಪಸ್ ಕೊಟ್ಟ, ಏನೂ ಅನ್ಲಿಲ್ಲ.

ಹೋದ ಭಾನುವಾರ ಹೇಳದೆ ಕೇಳದೆ ಜಿಮ್ಮಿಗೆ ಬಂದುಬಿಟ್ಟ. ಅಂಗಿ ಬಿಚ್ಚಿ ಮೊಳೆಗೆ ನೇತಾಕಿ, ಪಂಚೆ ಕಚ್ಚೆ ಕಟ್ಕೊಂಡು ಮ್ಯಾಟ್ ಮೇಲೆ ಕೂತು, ಆ ಪಿಯುಸಿ ಹುಡುಗನ್ನ ಕರೆದು 'ಬಾರಪ್ಪಾ, ಅದೇನೋ ಕೊಳ್ಳು ಹಿಡೀತೀಯಂತಲ್ಲ, ಹಿಡಿ ನೋಡಾಣ' ಅಂದ. ಅರವತ್ತೆಂಟು ವಯಸ್ಸು. ಕೋಚ್ ಪಕ್ಕದಲ್ಲೇ ಮಂಡಿಯೂರಿ ಕೂತು ಮೆಲ್ಲಗೆ, ಮೆಲ್ಲಗೆ ಅಂತಿದ್ರು. ಹುಡುಗ ಹೆದರ್ತಾನೇ ಕೈ ಹಾಕಿದ. ದೊಡ್ಡಪ್ಪ ಗದ್ದ ಎದೆಗೆ ಒತ್ತಿ, ಆ ಒಂದು ಕೈಯನ್ನ ಎರಡೂ ಕೈಲಿ ಹಿಡಿದು ಎದೆ ಕಡೆ ಎಳ್ಕೊಂಡ. ಯಾರೂ ಹೇಳಿಕೊಟ್ಟಿದ್ದಲ್ಲ, ಚೋಕ್ ತಡೆಯೋಕೆ ಕೋಚ್ ನಮಗೆ ತಿಂಗಳುಗಟ್ಟಲೆ ಕಲಿಸಿದ್ದು ಇದನ್ನೇ. ಅರ್ಧ ನಿಮಿಷ ಏನೂ ಆಗ್ಲಿಲ್ಲ. ಆಮೇಲೆ ಹುಡುಗ ಇನ್ನೊಂದು ಕೈ ಬದಲಿಸಿ ಒಳಗೆ ತೂರಿಸಿದ, ದೊಡ್ಡಪ್ಪನ ಮುಖ ಕೆಂಪಾಯ್ತು, ಪಟ್ ಪಟ್ ಅಂತ ತಟ್ಟಿದ ಸದ್ದು ಬಂತು. ಹುಡುಗ ತಕ್ಷಣ ಬಿಟ್ಟು ಹಿಂದಕ್ಕೆ ಜರುಗಿ 'ಸಾರಿ ತಾತಾ' ಅಂದ.

ದೊಡ್ಡಪ್ಪ ಇನ್ನೂ ತನ್ನ ತೊಡೆ ಮೇಲೆ ಕೈ ಇಟ್ಕೊಂಡೇ ಹಿಂದೆ ತಿರುಗಿ ನೋಡಿದ.

'ಯಾಕ್ ಬಿಟ್ಟೆಲೇ? ನಾನಿನ್ನಾ ಈಗ ಸುರು ಮಾಡೀನಿ.'