~ ಬಿಡಿಸುವುದು ಶೆಲ್, ಕಮಾಂಡ್ ಅಲ್ಲ

ಟರ್ಮಿನಲ್‌ನಲ್ಲಿ ‘ಸಿಡಿ ~/ಕೆಲಸ’ ಎಂದು ಹೊಡೆದರೆ ಆ ಟಿಲ್ಡೆ (~, ನಿಮ್ಮ ಹೋಮ್ ಡೈರೆಕ್ಟರಿಯ ಗುರುತು) ಡೈರೆಕ್ಟರಿ ಬದಲಿಸುವ ಸಿಡಿಯವರೆಗೆ ಹೋಗುವುದೇ ಇಲ್ಲ. ನೀವು ಹೊಡೆದದ್ದನ್ನು ಓದಿ ಕಮಾಂಡ್ ಓಡಿಸುವ ಶೆಲ್ ಅದನ್ನು ಮೊದಲೇ ಬಿಡಿಸಿ ‘/ಹೋಮ್/ರವಿ/ಕೆಲಸ’ ಎಂದು ಪೂರ್ತಿ ದಾರಿಯನ್ನೇ ಕೊಡುತ್ತದೆ. (ಕಮಾಂಡುಗಳನ್ನು ಇಲ್ಲಿ ಓದುವ ಹಾಗೆ ಬರೆದಿದ್ದೇನೆ, ಹೊಡೆಯುವಾಗ ಇಂಗ್ಲಿಷ್ ಸಣ್ಣಕ್ಷರ.) ಟಿಲ್ಡೆಯ ಹೆಚ್ಚಿನ ತಕರಾರುಗಳಿಗೆ ಮೂಲ ಇದೇ.

ಶೆಲ್ ಅದನ್ನು ಬಿಡಿಸಬೇಕಾದರೆ ಟಿಲ್ಡೆ ಪದದ ಮೊದಲಲ್ಲಿರಬೇಕು (ವೇರಿಯಬಲ್‌ಗೆ ಬೆಲೆ ಕೊಡುವಾಗ = ಅಥವಾ : ಆದಮೇಲೂ ಆದೀತು), ಕೋಟ್ಸ್ ಒಳಗಿರಬಾರದು. ‘ಎಂಕೆಡಿರ್ -ಪಿ "~/ಕೆಲಸ"’ ಎಂದರೆ ನೀವು ನಿಂತ ಜಾಗದಲ್ಲೇ ~ ಎಂಬ ಹೆಸರಿನ ಡೈರೆಕ್ಟರಿ ಹುಟ್ಟುತ್ತದೆ. ಅದನ್ನು ತೆಗೆಯಲು ‘ಆರ್‌ಎಂ -ಆರ್ ~’ ಎಂದು ಮಾತ್ರ ಹೊಡೆಯಬೇಡಿ, ನಿಮ್ಮ ಹೋಮ್ ಪೂರ್ತಿ ಅಳಿಸಿಹೋಗುತ್ತದೆ! ‘ಆರ್‌ಎಂ -ಆರ್ ./~’ ಸರಿ, ಟಿಲ್ಡೆಯ ಮುಂದೆ ./ ಇರುವುದರಿಂದ ಶೆಲ್ ಅದನ್ನು ಮುಟ್ಟುವುದಿಲ್ಲ. ಹೆಸರಿನಲ್ಲಿ ಜಾಗ ಬಿಟ್ಟಿದ್ದರೆ ಕೋಟ್ಸ್ ಅನ್ನು ಸ್ಲ್ಯಾಶ್ ಆದಮೇಲೆ ಶುರುಮಾಡಿ: ~/"ನನ್ನ ಫೋಟೊ". ಸ್ಕ್ರಿಪ್ಟ್‌ಗಳಲ್ಲಿ ‘"$ಹೋಮ್/ಕೆಲಸ"’ ವಾಸಿ (ಹೋಮ್ ದೊಡ್ಡಕ್ಷರ), ಜೋಡಿ ಕೋಟ್ಸ್ ಒಳಗೂ ಅದು ಬಿಡಿಸಿಕೊಳ್ಳುತ್ತದೆ.

ನಿರ್ವಾಹಕ ಖಾತೆಯಾದ ರೂಟ್‌ನ ಹೆಸರಿನಲ್ಲಿ ಓಡಿಸುವ ‘ಸುಡೊ ಎಲ್‌ಎಸ್ ~’ ರೂಟ್‌ನ ಮನೆಯನ್ನಲ್ಲ, ನಿಮ್ಮದನ್ನೇ ತೋರಿಸುವುದೂ ಇದೇ ಕಾರಣಕ್ಕೆ. ಸುಡೊ ಓಡುವ ಮೊದಲೇ ನಿಮ್ಮ ಶೆಲ್ ~ ಬಿಡಿಸಿ ಆಗಿರುತ್ತದೆ. ರೂಟ್‌ನದು ಬೇಕಿದ್ದರೆ ~ರೂಟ್ ಎಂದು ಹೆಸರು ಅಂಟಿಸಿ ಬರೆಯಬೇಕು.

‘ಸಿಡಿ -’ ಹಿಂದಿದ್ದ ಡೈರೆಕ್ಟರಿಗೆ ಮರಳಿಸುವುದು ಹಲವರಿಗೆ ಗೊತ್ತು. ಅದರ ತಮ್ಮ ~- ಮಾತ್ರ ಅಷ್ಟಾಗಿ ಬಳಕೆಯಲ್ಲಿಲ್ಲ. ‘ಸಿಪಿ ~-/ವರದಿ .’ ಎಂದರೆ ಈಗಷ್ಟೇ ಬಿಟ್ಟು ಬಂದ ಜಾಗದಿಂದ ಫೈಲ್ ಇಲ್ಲಿಗೆ ಬರುತ್ತದೆ, ಉದ್ದದ ದಾರಿ ಮತ್ತೆ ಬರೆಯಬೇಕಿಲ್ಲ. ಎರಡಕ್ಕಿಂತ ಹೆಚ್ಚು ಜಾಗಗಳ ನಡುವೆ ಓಡಾಟವಿದ್ದರೆ ಪುಶ್‌ಡಿ (ಜಾಗವನ್ನು ಪಟ್ಟಿಗೆ ಸೇರಿಸಿ ಅಲ್ಲಿಗೆ ಹೋಗುತ್ತದೆ), ಪಾಪ್‌ಡಿ (ಅದನ್ನು ಪಟ್ಟಿಯಿಂದ ತೆಗೆದು ಹಿಂದಿನದಕ್ಕೆ ಮರಳುತ್ತದೆ) ಬಳಸಿ. ‘ಡಿರ್ಸ್ -ವಿ’ ಅಂಕಿ ಹಾಕಿ ಆ ಪಟ್ಟಿ ಕೊಡುತ್ತದೆ. ಬ್ಯಾಶ್ ಎಂಬ ಶೆಲ್‌ನಲ್ಲಿ ~2 ಎಂದರೆ ಆ ಪಟ್ಟಿಯಲ್ಲಿ 2 ಎಂದಿರುವ ಜಾಗ.

ದಿನವೂ ಹೋಗುವ ಡೈರೆಕ್ಟರಿಗಳಿಗೆ ಸಿಡಿಪಾತ್ (ದೊಡ್ಡಕ್ಷರ) ಇದೆ, ಸಿಡಿ ಎಲ್ಲೆಲ್ಲಿ ಹುಡುಕಬೇಕೆಂಬ ಪಟ್ಟಿ. ‘ಸಿಡಿಪಾತ್=.:~/ಕೆಲಸ’ ಎಂದು ಬ್ಯಾಶ್ ಶುರುವಾಗುವಾಗ ಓದುವ ಬ್ಯಾಶ್‌ಆರ್‌ಸಿ ಫೈಲಿನಲ್ಲಿ ಬರೆದರೆ, ಎಲ್ಲಿಂದ ‘ಸಿಡಿ ಲೆಕ್ಕ’ ಎಂದರೂ ~/ಕೆಲಸ/ಲೆಕ್ಕ ಸೇರಬಹುದು. ಮೊದಲ ಚುಕ್ಕೆ (ಈಗ ನಿಂತ ಜಾಗ) ಮರೆಯಬೇಡಿ. ಅದಿಲ್ಲದಿದ್ದರೆ ಕಣ್ಣೆದುರೇ ‘ಲೆಕ್ಕ’ ಇದ್ದರೂ ಸಿಡಿ ಆ ಇನ್ನೊಂದಕ್ಕೆ ಹಾರುತ್ತದೆ. ಇದನ್ನು ಎಕ್ಸ್‌ಪೋರ್ಟ್ ಮಾಡಲೂಬೇಡಿ (ಅಂದರೆ ಸ್ಕ್ರಿಪ್ಟ್‌ಗಳಿಗೂ ದಾಟಿಸಬೇಡಿ): ಸಿಡಿಪಾತ್‌ನಿಂದ ಜಾಗ ಸಿಕ್ಕಾಗ ಸಿಡಿ ಆ ದಾರಿಯನ್ನು ಪರದೆಗೆ ಬರೆಯುತ್ತದೆ, ‘$(ಸಿಡಿ ಲೆಕ್ಕ && ಪಿಡಬ್ಲ್ಯೂಡಿ)’ ಎಂದು (ಪಿಡಬ್ಲ್ಯೂಡಿ ಬರೆಯುವುದು ನಿಂತ ಜಾಗದ ದಾರಿ) ದಾರಿ ಹಿಡಿಯುವ ಸ್ಕ್ರಿಪ್ಟ್‌ಗೆ ಒಂದರ ಬದಲು ಎರಡು ಸಾಲು ಸಿಗುತ್ತದೆ.